ಮೈದುನನ ಗಲಾಟೆ ಮೇಳ

ನನ್ನ ಮೈದುನನಿಗೆ ಸಂಗೀತ ಬರುತ್ತಿರಲಿಲ್ಲ. ಇದನ್ನು ನಾನು ಹೊಟ್ಟೆಕಿಚ್ಚಿನಿಂದ ಹೇಳುತ್ತಿಲ್ಲ, ಅವನೇ ಎದೆ ತಟ್ಟಿ ಹೇಳಿಕೊಳ್ಳುತ್ತಿದ್ದ. ಹಾಗಿದ್ದೂ ಎಪ್ಪತ್ತರ ದಶಕದ ತಿರುವನಂತಪುರದಲ್ಲಿ ಎಲ್ಲಕ್ಕಿಂತ ದೊಡ್ಡ ಸದ್ದು ಮಾಡುವ ಬ್ಯಾಂಡಿಗೆ ಅವನೇ ಯಜಮಾನ! ಅಂಥದ್ದನ್ನು ಹೆವಿ ಮೆಟಲ್ ಎನ್ನುತ್ತಾರೆಂದು ಈಗ ನನ್ನ ಮಗಳು ತಿಳಿಸಿಕೊಟ್ಟಿದ್ದಾಳೆ. ಆಗ ನಾವು ಗಲಾಟೆ ಎನ್ನುತ್ತಿದ್ದೆವು.

ನಮ್ಮ ಯಜಮಾನರಿಗೂ ಮೈದುನನಿಗೂ ಊರಾಚೆ ತುಂಬಾ ಎಂಬ ಕಡಲತೀರದ ಹಳ್ಳಿಯಲ್ಲಿದ್ದ ರಾಕೆಟ್ ಕೇಂದ್ರದಲ್ಲಿ ಕೆಲಸ. ಮೈಸೂರು ಬಿಟ್ಟು ಬಂದು ಅತ್ತೆಯವರೊಡನೆ ಒಂದು ಬಾಡಿಗೆ ಮನೆಯಲ್ಲಿದ್ದೆವು. ಸಂಜೆ ಆಫೀಸ್ ಬಸ್ಸಿನಿಂದ ಇಳಿದರೆ ಯಜಮಾನರು ಕಾಫಿ ಕುಡಿದು ಪೇಪರ್ ಹಿಡಿಯುವವರು, ಮೈದುನ ಕಾಫಿ ಕುಡಿದು ಬೆಸುಗೆ ಕಡ್ಡಿ ಹಿಡಿಯುವವನು. ಹಳೆಯ ರೇಡಿಯೋಗಳ ಹೊಟ್ಟೆ ಬಗೆದು ಬಗೆದು ಒಂದು ಆಂಪ್ಲಿಫೈಯರ್ ಕಟ್ಟಿದ. ಮೊದಲ ಸಲ ಅದನ್ನು ಹಚ್ಚಿದಾಗ ನಮ್ಮ ಬೀದಿಯ ದೀಪಗಳೆಲ್ಲ ಮಂಕಾದವು. ಪಕ್ಕದ ಮನೆಯ ಮಲಯಾಳಿ ಅಜ್ಜಿ ಬೇಲಿಯ ಹತ್ತಿರ ಓಡಿಬಂದು, "ಎಂದಾ ಮೋನೇ, ಇವಿಡೆ ಆರಾ ಮರಿಚ್ಚೇ?" ಎಂದು ಕೇಳಿದರು. ಯಾರೂ ಸತ್ತಿಲ್ಲ, ಇದು ಸಂಗೀತ ಎಂದು ನಾನೇ ಹೋಗಿ ಸಮಾಧಾನ ಹೇಳಬೇಕಾಯಿತು.

ಗಿಟಾರ್ ಮೈದುನನದು. ಹಾಡುವವನು ಅದೇ ತುಂಬಾ ಹಳ್ಳಿಯ ಬೆಸ್ತರ ಮನೆಯ ಸೆಬಾಸ್ಟಿನ್. ಅಲೆಗಳ ಸದ್ದನ್ನು ಮೀರಿ ದೋಣಿಯಿಂದ ದೋಣಿಗೆ ಕೂಗಿ ಬೆಳೆದ ಗಂಟಲು ಅದು, ಅದಕ್ಕೆ ಮೈಕ್ ಕೊಡಬೇಕಿತ್ತೇ? ಡ್ರಮ್ಸ್‌ಗೆ ಶಶಿ, ದೇವಸ್ಥಾನದಲ್ಲಿ ಚೆಂಡೆ ಬಾರಿಸುವವರ ಮನೆಯ ಹುಡುಗ. ನಾಲ್ಕನೆಯವನು ಮಂಗಳೂರಿನ ಒಬ್ಬ ಬ್ಯಾಂಕ್ ಗುಮಾಸ್ತ. ಅವನಿಗೆ ಏನು ಬರುತ್ತಿತ್ತೆಂಬುದು ಉಳಿದವರ ಅಬ್ಬರದಲ್ಲಿ ಕೊನೆಗೂ ಯಾರಿಗೂ ತಿಳಿಯಲಿಲ್ಲ.

"ಅತ್ತಿಗೆ, ಇಡ್ಲಿ ಪಾತ್ರೆ ಮುಚ್ಚಳ ಸ್ವಲ್ಪ ಕೊಡಿ. ಶಶಿಗೆ ತಾಳ ಸಾಲ್ತಿಲ್ಲ."

"ಮುಚ್ಚಳ ನಿಂಗೆ ಕೊಟ್ಟು ಇಡ್ಲೀನ ನಾನೇನು ಮಾಡ್ಲಪ್ಪ?"

"ಇವತ್ತು ದೋಸೆ ಮಾಡಿಬಿಡಿ!"

ಹೀಗೆ ನಮ್ಮ ಮನೆಯಲ್ಲಿ ಇಡ್ಲಿ ಎಂಬ ಪದಾರ್ಥವೇ ನಿಂತುಹೋಯಿತು. ಇಷ್ಟೆಲ್ಲ ಅಬ್ಬರದ ನಡುವೆಯೂ ರಾಕೆಟ್ ಹಾರುವ ದಿನ ಮಾತ್ರ ಅಭ್ಯಾಸಕ್ಕೆ ರಜೆ. ರಾಕೆಟ್ಟಿಗೆ ಅವಮಾನ ಆಗಬಾರದಂತೆ!

ಬ್ಯಾಂಡಿಗೆ ಒಂದು ಕಟ್ಟುನಿಟ್ಟಿನ ನಿಯಮವಿತ್ತು. ಇನ್ನೊಬ್ಬರ ಹಾಡು ಮುಟ್ಟುವಂತಿಲ್ಲ, ಎಲ್ಲವೂ ಸ್ವಂತದ್ದೇ ಆಗಬೇಕು. ಊರಿನ ಕನ್ನಡದವರೆಲ್ಲ ಸೇರುವ ಗಣೇಶನ ಹಬ್ಬಕ್ಕೆ ಇವರನ್ನು ಕರೆದಾಗ ಈ ನಿಯಮವೇ ಮುಳುವಾಯಿತು. "ಮೊದಲು ಒಂದು ದೇವರ ಹಾಡು ಹೇಳ್ಬೇಕು ಕಣಪ್ಪ" ಎಂದರು ಹಿರಿಯರು. ಸ್ವಂತದ ದೇವರ ಹಾಡನ್ನು ಎಲ್ಲಿಂದ ತರುವುದು? ಮೈದುನನಿಗೆ ಥಟ್ಟನೆ ಹೊಳೆದದ್ದು ನಮ್ಮತ್ತೆ ತಾವೇ ಕಟ್ಟಿ ದಿನಾ ಹೇಳುತ್ತಿದ್ದ ಆರತಿ ಹಾಡು. ಮನೆಯಲ್ಲೇ ಹುಟ್ಟಿದ ಹಾಡು, ನಿಯಮಕ್ಕೂ ಭಂಗವಿಲ್ಲ!

ಪರದೆ ಸರಿಯಿತು. ಸೆಬಾಸ್ಟಿನ್ ಮಂಗಳಾರತಿ ಎತ್ತಿದ, ಶಶಿ ಡ್ರಮ್ಸ್ ಮೇಲೆ ಬಿದ್ದ. ಮಂಗಳಾರತಿ ಎಂದಮೇಲೆ ನಮ್ಮ ಜನ ಕೂತಿರುತ್ತಾರೆಯೇ? ಸಭೆಗೆ ಸಭೆಯೇ ಎದ್ದು ಕೈ ಮುಗಿಯಿತು. ಹಾಡು ಮುಗಿದದ್ದೇ ತಡ, ಕಾರ್ಯಕ್ರಮವೂ ಮುಗಿಯಿತೆಂದು ಎಲ್ಲರೂ ಗಣಪತಿಗೆ ಅಡ್ಡಬಿದ್ದು, ಬಾಗಿಲಲ್ಲಿ ಕಡಲೆ ಉಸಲಿ ಈಸಿಕೊಂಡು, ಚಪ್ಪಲಿ ಮೆಟ್ಟಿ ಮನೆಗೆ ಹೊರಟರು. ಎರಡನೆಯ ಹಾಡಿಗೆ ಉಳಿದವರು ನಾನು, ಅತ್ತೆ ಮತ್ತು ಗಣಪತಿ. ಅತ್ತೆಯವರಿಗಂತೂ ಪರಮಾನಂದ. "ನನ್ನ ಹಾಡಿಗೆ ಎಷ್ಟು ಭಕ್ತಿ ಬಂತು ನೋಡು!" ಎಂದರು. ಮೈದುನ ಮಾತ್ರ ಮನೆಗೆ ಬಂದವನು ನನ್ನೆದುರು ಕೂತು, "ಎದ್ದು ಹೋಗದೆ ಕೊನೇವರೆಗೂ ಕೇಳೋ ಜನ ನಂಗೆ ಬೇಕು ಅತ್ತಿಗೆ. ಅದೊಂದು ಸಿಕ್ಕಿದ್ರೆ ಸಾಕು" ಎಂದ.

ಆ ಜನ ಸಿಕ್ಕಿದ್ದು ಕೊಚ್ಚಿಯಲ್ಲಿ. ಬಂದರಿನ ಹತ್ತಿರದ ಒಂದು ಹೋಟೆಲಿನವರು ಒಂದು ಶನಿವಾರ ಸಂಜೆ ಬಾರಿಸಲು ಕರೆದರು. ಡ್ರಮ್ಮುಗಳನ್ನು ತೊಡೆಯ ಮೇಲೆ ಮಕ್ಕಳಂತೆ ಕೂರಿಸಿಕೊಂಡು ರೈಲಿನಲ್ಲಿ ಹೋದೆವು. ಅಬ್ಬಾ, ಏನು ಸಂಜೆ ಅದು! ಹಡಗಿನವರು, ಕಾಲೇಜಿನ ಹುಡುಗರು, ಎಲ್ಲ ಮೇಜು ಬಡಿದು ಕುಣಿದರು. ಕೊನೆಯ ಹಾಡು ನಿಂತ ಮೇಲೂ ಶಶಿ ತಲೆ ತಗ್ಗಿಸಿ ಬಾರಿಸುತ್ತಲೇ ಇದ್ದ. ಅದೂ ಒಂದು ಚಮತ್ಕಾರವೆಂದುಕೊಂಡು ಜನ ಇನ್ನಷ್ಟು ಚಪ್ಪಾಳೆ ತಟ್ಟಿದರು. ಮೈದುನ ಹೋಗಿ ಭುಜ ಮುಟ್ಟಿದ ಮೇಲೇ ಅವನು ನಿಲ್ಲಿಸಿದ್ದು. ಇನ್ನು ಪ್ರತಿ ಶನಿವಾರ ಬನ್ನಿ ಎಂದರು ಹೋಟೆಲಿನ ಮ್ಯಾನೇಜರು. ಹಿಂದಿರುಗುವಾಗ ರೈಲಿನಲ್ಲಿ ಸೆಬಾಸ್ಟಿನ್ ಹಾಡಿದ ಹಾಡಿಗೆ ಟಿಕೆಟ್ ನೋಡುವವರೂ ತಾಳ ಹಾಕಿದರು.

ಆ ವಾರವೇ ಮೈದುನ ಎಲ್ಲರನ್ನೂ ನಮ್ಮ ಜಗುಲಿಗೆ ಕರೆಸಿ, "ಬ್ಯಾಂಡ್ ಮುಗೀತು. ನಂಗೆ ಬೇಜಾರು ಬಂದಿದೆ" ಎಂದುಬಿಟ್ಟ!

ಸೆಬಾಸ್ಟಿನ್ ಕಡಲಿನವರೆಗೂ ಕೇಳುವ ಹಾಗೆ ಬೈದ. ಬ್ಯಾಂಕಿನವನು ಮುಖ ಊದಿಸಿಕೊಂಡ. ಶಶಿ ಇಡ್ಲಿ ಪಾತ್ರೆಯ ಮುಚ್ಚಳವನ್ನು ನನ್ನ ಕೈಗಿತ್ತು ಹೊರಟುಹೋದ. ನನಗೆ ತಡೆಯಲಾಗಲಿಲ್ಲ. "ನಿಂಗೇನು ತಲೆ ಕೆಟ್ಟಿದೆಯಾ? ಬಯಸಿದ್ದು ಕೈಗೆ ಬಂದಾಗ ಒದೀತೀಯಲ್ಲ!" ಎಂದೆ.

ಅವನು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತ. "ಶಶಿಗೆ ಎಡಗಿವಿ ಕೇಳಿಸ್ತಿಲ್ಲ ಅತ್ತಿಗೆ. ಡ್ರಮ್ಸ್ ಬಿಡದಿದ್ರೆ ಇನ್ನೊಂದು ಕಿವೀನೂ ಹೋಗತ್ತೆ ಅಂದಿದ್ದಾರಂತೆ ಡಾಕ್ಟ್ರು. ನಮಗ್ಯಾರಿಗೂ ಅವನು ಹೇಳಿಲ್ಲ. ನಿನ್ನೆ ಅವರಮ್ಮ ನನ್ನ ಹತ್ರ ಅತ್ರು."

"ಹಾಗಾದ್ರೆ ಇನ್ನೊಬ್ಬನ್ನ ಹಾಕ್ಕೊಳ್ಳೋದಲ್ವಾ?"

"ಹಾಕ್ಕೋಬಹುದು. ಆದ್ರೆ ಶಶಿ ಹೊರಗೆ ನಿಂತು ಅದನ್ನ ಕೇಳ್ಬೇಕಲ್ಲ!"

ಸಂಗೀತ ಬಾರದ ಈ ಹುಡುಗನ ಮೇಲೆ ನನಗೆ ಅಂದಿನಷ್ಟು ಪ್ರೀತಿ ಹಿಂದೆಂದೂ ಉಕ್ಕಿರಲಿಲ್ಲ. ಅವನ ಹುಚ್ಚುತನದ ಬಗ್ಗೆ ಊರೆಲ್ಲ ಆಡಿಕೊಂಡಿತು. ಅವನು ಎಲ್ಲರಿಗೂ "ಬೇಜಾರು ಬಂತು" ಎಂದೇ ಹೇಳಿದ.

ತಿಂಗಳುಗಟ್ಟಲೆ ಶಶಿ ನಮ್ಮ ಕಡೆ ಸುಳಿಯಲಿಲ್ಲ. ಓಣಂ ದಿನ ಅವರಮ್ಮ ಬಲವಂತ ಮಾಡಿ ಕಳಿಸಿದ್ದರಿಂದ ನಮ್ಮ ಮನೆಗೆ ಊಟಕ್ಕೆ ಬಂದ. ಮೈದುನನ ಮುಖ ನೋಡದೆ, ಸಾಲಿನಲ್ಲಿ ಅವನ ಬಲಕ್ಕಿದ್ದ ಎಲೆಯ ಮುಂದೆ ಕುಳಿತ. ಮೈದುನ ಏನೋ ಕೇಳಿದ, ಶಶಿ ತಿರುಗಲಿಲ್ಲ. ಮುನಿಸೆಂದುಕೊಂಡು ಯಜಮಾನರು ನಕ್ಕರು. ಮೈದುನ ಊಟ ಬಡಿಸಿದ್ದ ತನ್ನ ಎಲೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಶಶಿಯ ಹಿಂದಿನಿಂದ ಸುತ್ತಿ ಬಂದು, ಅವನ ಬಲಗಡೆ ಕುಳಿತು ಮತ್ತೆ ಕೇಳಿದ. "ಚೆನ್ನಾಗಿದ್ದೀಯಾ?"

ಶಶಿ ಅವನನ್ನೂ, ತನ್ನ ಎಡಗಡೆ ಅವನು ಬಿಟ್ಟುಬಂದ ಜಾಗವನ್ನೂ ಬಹಳ ಹೊತ್ತು ನೋಡಿದ. ಆಮೇಲೆ ತನ್ನ ಎಲೆಯ ಹಪ್ಪಳವನ್ನು ತೆಗೆದು ಮೈದುನನ ಎಲೆಗೆ ಹಾಕಿದ. ಇಬ್ಬರೂ ತಲೆ ತಗ್ಗಿಸಿ ಊಟ ಮಾಡತೊಡಗಿದರು. ನಾನು ಪಾಯಸದ ಪಾತ್ರೆ ಹಿಡಿದುಕೊಂಡು, ಬಡಿಸುವುದನ್ನು ಮರೆತು, ಕಣ್ಣು ತುಂಬಿಕೊಂಡು ನಿಂತಿದ್ದೆ.