ನಿದ್ದೆಗೆಟ್ಟವರ ರಾಜೀನಾಮೆಗಳು

ಎಪ್ಪತ್ತರ ದಶಕದಲ್ಲಿ ನಾನು ತಿಪಟೂರಿನ ಒಂದು ಸರ್ಕಾರಿ ಕಚೇರಿಯಲ್ಲಿ ಟೈಪಿಸ್ಟ್. ಊಟದ ಬಿಡುವಿನಲ್ಲಿ ಯಾರಾದರೊಬ್ಬರು ಬಂದು ‘ಒಂದು ರಾಜೀನಾಮೆ ಹೊಡೆದುಕೊಡಿ’ ಅನ್ನದ ತಿಂಗಳೇ ಇರಲಿಲ್ಲ. ಬಂದವರೆಲ್ಲ ನಿದ್ದೆಗೆಟ್ಟವರೇ. ನೌಕರಿಯ ಕಾಟಕ್ಕೆ ನಿದ್ದೆ ಕೆಡುತ್ತದೋ, ನಿದ್ದೆ ಕೆಟ್ಟಿದ್ದಕ್ಕೆ ನೌಕರಿ ಕಾಟ ಅನಿಸುತ್ತದೋ ಎಂಬ ಕುತೂಹಲ ನನಗೆ ಹತ್ತಿಕೊಂಡಿತು. ಹಾಳೆ ಏರಿಸುವ ಮುಂಚೆ ‘ಸರಿಯಾಗಿ ಮಲಗಿ ಎಷ್ಟು ದಿನ ಆಯ್ತು?’ ಎಂದು ಕೇಳಿಯೇಬಿಡುತ್ತಿದ್ದೆ.

ಕಂಡಕ್ಟರ್

ತುರುವೇಕೆರೆ ಬಸ್ಸಿನ ಕಂಡಕ್ಟರ್ ಒಬ್ಬ ಬಂದ. ‘ನಿದ್ದೆನಾ? ಐದಕ್ಕೆ ಮೊದಲ ಟ್ರಿಪ್ಪು, ಹನ್ನೊಂದಕ್ಕೆ ಕೊನೇದು. ಮಾಲೀಕ್ರೂ ಬೈತಾರೆ, ಜನಾನೂ ಬೈತಾರೆ. ಸಾಕು ಕಣ್ರೀ, ಹೊಡೀರಿ ಕಾಗ್ದ’ ಅಂದ.

ಟೈಪಿನ ಟಕಟಕ ಅವನಿಗೆ ಜೋಗುಳವಾಯಿತು. ಕೂತಲ್ಲೇ ಗೊರಕೆ. ಪಾಪ ಅಂತ ಅರ್ಧ ಗಂಟೆ ಬಿಟ್ಟು, ‘ಸಹಿ ಹಾಕಪ್ಪ’ ಎಂದು ಭುಜ ತಟ್ಟಿದೆ. ದಡಕ್ಕನೆ ಎದ್ದವನು, ‘ಕಿಬ್ಬನಹಳ್ಳಿ ಇಳಿಯೋರು ಇಳೀರಿ!’ ಎಂದು ಕೂಗಿದ.

ಪಕ್ಕದ ಮೇಜಿನಲ್ಲಿ ತೂಕಡಿಸುತ್ತಿದ್ದ, ಕಿಬ್ಬನಹಳ್ಳಿಯಿಂದ ದಿನಾ ಓಡಾಡುವ ನಮ್ಮ ಹೆಡ್ ಕ್ಲರ್ಕು ಟಿಫನ್ ಕ್ಯಾರಿಯರ್ ಎತ್ತಿಕೊಂಡು ಬಾಗಿಲವರೆಗೆ ಹೋಗೇಬಿಟ್ಟರು.

ಮೇಷ್ಟ್ರ ಹೆಂಡತಿ

ಕಂಡಕ್ಟರ್ ಆ ಅರ್ಧ ಗಂಟೆ ನಿದ್ದೆಯಲ್ಲೇ ಮನಸ್ಸು ಬದಲಾಯಿಸಿ, ಕಾಗದ ಬಿಟ್ಟುಹೋದ. ಮುಂದಿನ ವಾರ ಸಂಪಿಗೆ ಎಂಬ ಊರಿನ ಕಡೆಯ ಒಬ್ಬ ಮೇಷ್ಟ್ರ ಹೆಂಡತಿ ಬಂದರು.

‘ಅಣ್ಣಾ, ಇನ್‌ಸ್ಪೆಕ್ಷನ್ ಭಯಕ್ಕೆ ನಮ್ಮೋರಿಗೆ ತಿಂಗಳಿಂದ ನಿದ್ದೆ ಇಲ್ಲ. ಒಂದ್ಚೂರು ಕಣ್ಣು ಮುಚ್ಚಿದ್ರೆ ಹಾಜರಿ ಕೂಗ್ತಾರೆ.’

‘ಕೂಗ್ಲಿ ಬುಡಮ್ಮ.’

‘ನಾನು ಹಾಜರ್ ಸಾರ್ ಅನ್ನೋಗಂಟ ಬುಡಲ್ಲ. ನೆನ್ನೆ ತಡ ಮಾಡ್ದೆ ಅಂತ ಗೋಡೆ ಕಡೆ ಮುಖ ಮಾಡಿ ನಿಂತ್ಕೋ ಅಂದ್ರು.’

‘ಅವರ ರಾಜೀನಾಮೆಗೆ ಅವರೇ ಸಹಿ ಹಾಕಬೇಕಮ್ಮ.’

‘ಅವರದ್ಯಾಕೆ? ನಂಗೊಂದು ಟೀಸಿ ಹೊಡೆದುಕೊಡಿ. ತವರಿಗೆ ಹೋಯ್ತೀನಿ!’

ನಾನು

ಮಾರ್ಚ್ ಕೊನೆ. ಹೊಸದಾಗಿ ಬಂದ ಸಾಹೇಬರು ಒಂದೊಂದು ವರದಿಯನ್ನೂ ನಾಲ್ಕು ಸಲ ಹೊಡೆಸುತ್ತಿದ್ದರು. ಮೂರು ವಾರ ನನಗೆ ನಿದ್ದೆಯಿಲ್ಲ. ಮಲಗಿದರೂ ಬೆರಳು ಸುಮ್ಮನಿರದು. ‘ದಿಂಬು ಹರಿದೋಗ್ತದೆ ಕಣ್ರೀ’ ಎಂದು ಹೆಂಡತಿ ಅದನ್ನು ಕಿತ್ತುಕೊಂಡಳು.

ಒಂದು ಶನಿವಾರ ರೋಸಿಹೋಗಿ, ‘ನನ್ನನ್ನು ಕೆಲಸದಿಂದ ಬಿಡುಗಡೆ ಮಾಡಬೇಕಾಗಿ ಕೋರುತ್ತೇನೆ’ ಎಂದು ಹೊಡೆದು, ಸಾಹೇಬರ ಮೇಜಿನ ಮೇಲಿಟ್ಟು, ಹಾಲ್ಕುರಿಕೆಯ ಅಕ್ಕನ ಮನೆಗೆ ಹೋದೆ. ಭಾನುವಾರ ಮಧ್ಯಾಹ್ನ ಮುದ್ದೆ ಉಂಡು ತೋಟದ ಮನೆ ಜಗಲಿಯಲ್ಲಿ ಹಾಗೇ ಒರಗಿದೆ. ಎದ್ದಾಗ ಸೋಮವಾರದ ಕೋಳಿ ಕೂಗುತ್ತಿತ್ತು.

‘ಉಸಿರೈತೋ ಇಲ್ವೋ ಅಂತ ಮೂರು ಸಲ ನೋಡ್ದೆ ಕಣ್ಲಾ’ ಅಂದಳು ಅಕ್ಕ.

ತಲೆ ತಿಳಿಯಾಗಿತ್ತು. ಆ ತಿಳಿಯಾದ ತಲೆಗೆ ಮೊದಲು ಹೊಳೆದದ್ದು ಮನೆಯಲ್ಲಿದ್ದ ಮೂರು ಮಕ್ಕಳು. ಇದ್ದೊಂದು ನೌಕರಿಯನ್ನು ನಾನೇ ಒದ್ದು ಬಂದಿದ್ದೆ! ಮುಖವನ್ನೂ ತೊಳೆಯದೆ ಮೊದಲ ಬಸ್ಸು ಹಿಡಿದೆ.

ಕಚೇರಿಯಲ್ಲಿ ಸಾಹೇಬರು ಕಾಫಿಯನ್ನು ಪೆನ್ನಿನಿಂದ ಕಲಕುತ್ತಿದ್ದರು.

‘ಸಾರ್, ಶನಿವಾರದ ನನ್ನ ಕಾಗದ...’ ಅಂದೆ.

‘ಆವತ್ತೇ ನೋಡಿ ಸಹಿ ಹಾಕ್ದೆ. ನಾಲ್ಕು ದಿನದಿಂದ ರೆಪ್ಪೆ ಮುಚ್ಚಿಲ್ಲ ಕಣ್ರೀ ನಾನು. ಆದ್ರೂ ಯಾರ ಕಾಗದಾನೂ ಉಳಿಸ್ಕೊಂಡಿಲ್ಲ’ ಎಂದು ಹೆಮ್ಮೆಯಿಂದ ಹಾಳೆ ಚಾಚಿದರು.

ಇಸಿದುಕೊಂಡು ನೋಡಿದೆ. ಕೆಳಗೆ ಹಸಿರು ಶಾಯಿಯಲ್ಲಿ ಬರೆದಿತ್ತು:

‘ಕೋರಿಕೆ ಮಂಜೂರಾಗಿದೆ. ಸೋಮವಾರ ಬೆಳಗ್ಗೆ ತಪ್ಪದೆ ಕೆಲಸಕ್ಕೆ ಬರತಕ್ಕದ್ದು.’