ಐದು ಗಂಟೆಯ ನಂತರ ಬಂದ ಮತಗಳು

ನಮ್ಮ ಕಡೆ ನಿವೃತ್ತ ಮಾಸ್ಟ್ರೊಬ್ಬ ಮನೆಯಲ್ಲಿ ಸುಮ್ಮನೆ ಕೂತದ್ದು ಕಂಡರೆ ಜನರಿಗೆ ಸಮಾಧಾನವಿಲ್ಲ. ಒಂದೋ ಅವನಿಂದ ಸನ್ಮಾನಪತ್ರ ಬರೆಸುತ್ತಾರೆ, ಇಲ್ಲದಿದ್ದರೆ ಅವನನ್ನು ಚುನಾವಣಾಧಿಕಾರಿ ಮಾಡುತ್ತಾರೆ. ನನಗೆ ಎರಡೂ ಆಗಿದೆ, ಎರಡರಲ್ಲೂ ಏನಾದರೊಂದು ಎಡವಟ್ಟು ಆಗದೆ ಮುಗಿದದ್ದೇ ಇಲ್ಲ. ಇಲ್ಲಿ ಬರೆದದ್ದೆಲ್ಲ ಒಂದೇ ಚುನಾವಣೆಯದ್ದು. ಕೇಳಿದವರು ನಗುತ್ತಾರೆ. ನಾನೂ ನಗುತ್ತೇನೆ, ಆದರೆ ಒಳಗೊಳಗೆ ಬೇಜಾರೇ ಹೆಚ್ಚು.

ಪುಂಜಾಲಕಟ್ಟೆಯಲ್ಲಿ ನಮ್ಮದೊಂದು ಆಟೋಟದ ಕ್ಲಬ್ ಉಂಟು. ಅಧ್ಯಕ್ಷರನ್ನು ಯಾವಾಗಲೂ ಚಾ ಕುಡಿಯುತ್ತಲೇ ಆರಿಸುತ್ತಿದ್ದರು. ಈ ಸಲ ಮಾತ್ರ ಇಬ್ಬರು ನಿಂತರು. ಒಬ್ಬರು ಹೋಟೆಲಿನವರು. ಇನ್ನೊಬ್ಬರು ನಮ್ಮ ಟೈಲರ್, ಹದಿನೆಂಟು ವರ್ಷದಿಂದ ಕ್ಲಬ್ಬಿನ ಕಾರ್ಯದರ್ಶಿ. ಕಾರ್ಯದರ್ಶಿ ಎಂದರೆ ಕುರ್ಚಿ ಹಾಕುವವರು, ಮೈಕ್ ಕಟ್ಟಿಸುವವರು, ಕೊನೆಗೆ ಕುರ್ಚಿ ಮಡಚುವವರೂ ಅವರೇ. ನನಗೆ ಮೂವತ್ತು ವರ್ಷದ ಸ್ನೇಹಿತರು.

"ಮಾಸ್ಟ್ರೇ, ವಾರ್ಷಿಕೋತ್ಸವದ ದಿನ ಒಮ್ಮೆ ನಾನೂ ವೇದಿಕೆಯ ನಡುವಿನ ಕುರ್ಚಿಯಲ್ಲಿ ಕೂತುಕೊಳ್ಳಬೇಕು. ಮಂಡಿ ನೋವು ಜೋರಾಗಿದೆ. ಇದೇ ಕೊನೆ, ಇನ್ನು ನಿಲ್ಲುವುದಿಲ್ಲ" ಎಂದಿದ್ದರು.

ಕ್ಲಬ್ಬಿನಲ್ಲಿ ಮತದ ಪೆಟ್ಟಿಗೆ ಇಟ್ಟು, ಪರವೂರಿನ ಸದಸ್ಯರಿಗೂ ಬೇಕೆಂದವರಿಗೂ ಅಂಚೆಯಲ್ಲಿ ಮತ ಕಳಿಸಲು ಅವಕಾಶ ಕೊಟ್ಟೆವು. ನಿಯಮ ಬರೆದವ ನಾನು. ಶನಿವಾರ ಸಂಜೆ ಐದರ ನಂತರ ಬಂದ ಲಕೋಟೆಯನ್ನು ಯಾವ ಕಾರಣಕ್ಕೂ ತೆರೆಯಬಾರದು. ಮತ ಸಮಸಮ ಬಂದರೆ ಪ್ರಾಯದಲ್ಲಿ ಹಿರಿಯರೇ ಅಧ್ಯಕ್ಷರು. ಟೈಲರ್ ಹಿರಿಯರು, ಹನ್ನೊಂದು ವರ್ಷಕ್ಕೆ. ಇಷ್ಟು ನೆನಪಿಟ್ಟುಕೊಂಡರೆ ಸಾಕು.

ಬಂಟ್ವಾಳ ನೋಡಿಬಂದ ವೋಟು

ನಮ್ಮಲ್ಲಿ ಅವಸರದ ಕಾಗದವನ್ನು ಅಂಚೆಗೆ ಹಾಕುವುದಿಲ್ಲ, ಬಸ್ಸಿನಲ್ಲಿ ಕೊಟ್ಟು ಕಳಿಸುತ್ತಾರೆ. ಉಜಿರೆಯ ಕಾಲೇಜಿನಲ್ಲಿ ಪಾಠ ಮಾಡುವ ನಮ್ಮ ಸದಸ್ಯರೊಬ್ಬರು ಶನಿವಾರ ಮಧ್ಯಾಹ್ನ ಫೋನ್ ಮಾಡಿ, "ಮೂರೂವರೆಯ ಬಸ್ಸಿನ ಕಂಡಕ್ಟರ್ ಹತ್ತಿರ ವೋಟು ಕೊಟ್ಟಿದ್ದೇನೆ, ತೆಗೆದುಕೊಳ್ಳಿ" ಎಂದರು.

ಬಸ್ಸು ಸರಿಯಾದ ಸಮಯಕ್ಕೇ ಬಂತು. ಆದರೆ ಕಂಡಕ್ಟರ್ ಮೆಟ್ಟಿಲ ಮೇಲೆ ನಿಂತ ಹೆಂಗಸರೊಟ್ಟಿಗೆ ಚಿಲ್ಲರೆಯ ಜಗಳದಲ್ಲಿದ್ದ. ನಾನು ಕೈಬೀಸಿದೆ. ಅವನೂ ಕೈಬೀಸಿದ. ಬಸ್ಸು ಹೋಯಿತು. ಲಕೋಟೆ ಬಂಟ್ವಾಳ ನೋಡಿಕೊಂಡು, ವಾಪಸು ಟ್ರಿಪ್ಪಿನಲ್ಲಿ ಐದು ಇಪ್ಪತ್ತಕ್ಕೆ ನನ್ನ ಕೈಗೆ ಬಂತು.

"ಆಗಲಿಕ್ಕಿಲ್ಲ, ತಡವಾಯಿತು" ಎಂದೆ.

ಕಂಡಕ್ಟರ್ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಎಂತ ಮಾಸ್ಟ್ರೇ, ಮದುಮಗನನ್ನೇ ಮುಹೂರ್ತ ಮುಗಿದ ಮೇಲೆ ಇಳಿಸಿದ್ದೇನೆ. ಅವರೂ ಒಳಗೆ ಸೇರಿಸಿಕೊಂಡಿದ್ದಾರೆ!"

ಖರ್ಜೂರದೊಟ್ಟಿಗೆ ಮೂರು

ಕಂಡಕ್ಟರನನ್ನು ಕಳಿಸಿ ಇನ್ನೇನು ಕ್ಲಬ್ಬಿನ ಬಾಗಿಲು ಹಾಕಬೇಕು, ಅಷ್ಟರಲ್ಲಿ ಒಂದು ಕಾರು ಬಂದು ನಿಂತಿತು. ಇಳಿದವರು ಮೂಡುಬಿದಿರೆ ಕಡೆಯ ನಮ್ಮ ಸದಸ್ಯರು, ದುಬೈಯಲ್ಲಿ ಕೆಲಸ. ಅದೇ ದಿನ ರಜೆಯಲ್ಲಿ ಬಂದಿಳಿದವರು. ಒಂದು ಕೈಯಲ್ಲಿ ಖರ್ಜೂರದ ಡಬ್ಬಿ, ಇನ್ನೊಂದರಲ್ಲಿ ಮೂರು ಲಕೋಟೆ. ಒಂದು ಅವರದ್ದು, ಎರಡು ಅಲ್ಲಿನ ಗೆಳೆಯರದ್ದು.

"ಹನ್ನೊಂದು ಗಂಟೆಗೇ ವಿಮಾನ ಇಳಿದಿದ್ದೇನೆ ಮಾಸ್ಟ್ರೇ. ಅಮ್ಮ ಗಂಜಿಯೂ ಒಣಮೀನಿನ ಚಟ್ನಿಯೂ ಮಾಡಿದ್ದರು. ಎರಡು ವರ್ಷದ ನಂತರ ಅಲ್ವಾ, ಉಂಡು ಒಂದು ಚೂರು ಅಡ್ಡವಾದೆ. ಕಣ್ಣು ಬಿಡುವಾಗ ನಾಲ್ಕೂಮುಕ್ಕಾಲು."

ಟೈಲರ್ ಅಲ್ಲೇ ಕುರ್ಚಿ ಮಡಚುತ್ತಿದ್ದರು. ಅಭ್ಯರ್ಥಿಯಾದರೂ ಅವರ ಕೆಲಸ ತಪ್ಪಲಿಲ್ಲ. ಮೆಲ್ಲಗೆ ಹತ್ತಿರ ಬಂದು, "ಮಾಸ್ಟ್ರೇ, ಸಮುದ್ರ ದಾಟಿ ಬಂದದ್ದು. ಒಮ್ಮೆ ಯೋಚನೆ ಮಾಡುವ" ಎಂದರು.

"ನೀವು ಅಭ್ಯರ್ಥಿ. ಇದರಲ್ಲಿ ಮಾತಾಡಬೇಡಿ" ಎಂದುಬಿಟ್ಟೆ. ಎಲ್ಲರ ಎದುರು, ಕ್ಲಾಸಿನಲ್ಲಿ ಹುಡುಗರಿಗೆ ಹೇಳುವ ದನಿಯಲ್ಲಿ. ಅವರು ಮತ್ತೆ ಕುರ್ಚಿ ಮಡಚಲು ಹೋದರು. ಆ ಮಾತನ್ನು ವಾಪಸು ತೆಗೆದುಕೊಳ್ಳಲು ಆಗುತ್ತಿದ್ದರೆ ಎಂದು ಈಗಲೂ ಅನಿಸುತ್ತದೆ.

ದುಬೈಯವರು ಖರ್ಜೂರದ ಡಬ್ಬಿ ಮೇಜಿನ ಮೇಲಿಟ್ಟು ಹೊರಟರು. "ಏರ್‌ಪೋರ್ಟಿನಲ್ಲಿ ಕಸ್ಟಮ್ಸ್‌ನವರೂ ಬಿಟ್ಟರು. ಪುಂಜಾಲಕಟ್ಟೆಯ ಮಾಸ್ಟ್ರು ಬಿಡಲಿಲ್ಲ!"

ಅರಸಿನ ಹಚ್ಚಿದ ಲಕೋಟೆ

ಆ ರಾತ್ರಿ ಊಟಕ್ಕೆ ಮೊದಲು, ಮರುದಿನದ ಮದುವೆ ಯಾವ ಹಾಲ್‌ನಲ್ಲಿ ಎಂದು ನೋಡಲು ಮದುವೆ ಕಾಗದದ ಕಟ್ಟು ಬಿಚ್ಚಿದೆ. ನಡುವಿನಿಂದ ನಾಲ್ಕು ಮೂಲೆಗೂ ಅರಸಿನ ಹಚ್ಚಿದ ಒಂದು ಲಕೋಟೆ ಬಿತ್ತು. ನೆರಿಯ ಊರಿನ ಸದಸ್ಯರ ಮತ! ಒಳ್ಳೆಯ ಕೆಲಸಕ್ಕೆ ಹೋಗುವ ಕಾಗದವೆಂದು ಅವರ ಮನೆಯ ಅಜ್ಜಿ ಅರಸಿನ ಹಚ್ಚಿದ್ದಂತೆ. ಕ್ಲಬ್ಬಿನ ವಿಳಾಸದ ಬದಲು ನನ್ನ ಮನೆಯ ವಿಳಾಸ ಬರೆದಿದ್ದರು.

"ಇದು ಯಾವಾಗ ಬಂತು?" ಎಂದು ಹೆಂಡತಿಯನ್ನು ಕೇಳಿದೆ.

"ಗುರುವಾರ. ಅರಸಿನ ಹಚ್ಚಿದ ಲಕೋಟೆಯನ್ನು ನಾನು ಮತ್ತೆ ಎಲ್ಲಿ ಇಡಬೇಕಿತ್ತು? ತಡ ಆದದ್ದು ನಮ್ಮ ಮನೆಯಲ್ಲಿ. ಅವರದ್ದೆಂತ ತಪ್ಪು ಅದರಲ್ಲಿ?"

ಅವಳು ಹೇಳಿದ್ದು ನೂರಕ್ಕೆ ನೂರು ಸರಿ. ಆದರೆ ಕಂಡಕ್ಟರನನ್ನೂ ದುಬೈಯವರನ್ನೂ ಕಳಿಸಿಯಾಗಿತ್ತು. ನನ್ನ ಮನೆಯ ತಪ್ಪಿಗೆ ಮಾತ್ರ ರಿಯಾಯಿತಿಯಾ? "ನಿಯಮ ನಿಯಮವೇ" ಎಂದೆ.

ಹೆಂಡತಿ ಲಕೋಟೆಯನ್ನು ತಿರುಗಿಸಿ ನೋಡಿ ಕೇಳಿದಳು: "ಹಾಗಾದರೆ ಇದರ ಊಟಕ್ಕೆ ನಾವು ಹೋಗುವುದು ಬೇಡವಾ?"

ಕೊನೆಯ ಲಕೋಟೆ

ಭಾನುವಾರ ಬೆಳಿಗ್ಗೆ ಎಣಿಕೆ. ಹೋಟೆಲಿನವರು ಗೆದ್ದರು, ಒಂದೇ ಒಂದು ಮತದಲ್ಲಿ. ಟೈಲರ್ ಎಲ್ಲರಿಗಿಂತ ಮೊದಲು ಎದ್ದು ಅವರ ಕೈ ಕುಲುಕಿದರು.

ನಾನು ಮಾತ್ರ ಹೆಸರಿನ ಪಟ್ಟಿ ಹಿಡಿದು ಬೆವರುತ್ತಿದ್ದೆ. ಮತ ಬಂದವರ ಹೆಸರಿಗೆಲ್ಲ ಗುರುತು ಹಾಕಿದ್ದೆ. ತಡವಾಗಿ ಬಂದ ಆ ಐದು ಹೆಸರಲ್ಲದೆ ಇನ್ನೂ ಒಂದಕ್ಕೆ ಗುರುತಿರಲಿಲ್ಲ. ಅದು ನನ್ನ ಹೆಸರು.

ಆದದ್ದು ಇಷ್ಟು. ಪೆಟ್ಟಿಗೆಯ ಪಕ್ಕ ಕೂರುವ ಅಧಿಕಾರಿಯೇ ಅದರೊಳಗೆ ಕಾಗದ ಹಾಕಿದರೆ ನೋಡಿದವರು ಏನು ಹೇಳಿಯಾರು ಎಂದು, ನಾನು ನನ್ನ ಮತವನ್ನು ಗುರುವಾರವೇ ಅಂಚೆಗೆ ಹಾಕಿದ್ದೆ. ಕ್ಲಬ್ಬಿನ ಎದುರಿನ ಅಂಚೆ ಡಬ್ಬಿಗೆ. ರಸ್ತೆ ದಾಟಿದರೆ ಸಾಕು, ಬಂದಾಯಿತು ಎಂದುಕೊಂಡಿದ್ದೆ.

ಅದು ಬಂದದ್ದು ಸೋಮವಾರ. ಅಂಚೆಯಣ್ಣ ಎರಡೂ ಬದಿ ನನ್ನ ಹೆಸರಿದ್ದ ಲಕೋಟೆ ಕೊಟ್ಟು, "ಮಾಸ್ಟ್ರೇ, ಇದು ನೀವು ನಿಮಗೇ ಬರೆದದ್ದಾ?" ಎಂದು ಕೇಳಿದ.

"ಇಲ್ಲಿಂದ ಇಲ್ಲಿಗೆ ನಾಲ್ಕು ದಿನವಾ?"

"ಇಲ್ಲಿಂದ ಇಲ್ಲಿಗಾದರೂ ಮಂಗಳೂರಿಗೆ ಹೋಗಿಯೇ ಬರಬೇಕು. ನಡುವೆ ಒಂದು ಭಾನುವಾರವೂ ಉಂಟಲ್ಲ."

ನನ್ನ ಆ ಒಂದು ಮತ ಸೇರಿದ್ದರೆ ಸಮಸಮ. ಸಮವಾಗಿದ್ದರೆ ಹಿರಿಯರು ಅಧ್ಯಕ್ಷರು. ಲಕೋಟೆ ಹಿಡಿದು ಸೀದಾ ಟೈಲರ್ ಅಂಗಡಿಗೆ ಹೋದೆ. ಅವರು ಯಾರದ್ದೋ ಶಾಲಾ ಸಮವಸ್ತ್ರಕ್ಕೆ ಗುಂಡಿ ಹಾಕುತ್ತಿದ್ದರು. ಎಲ್ಲವನ್ನೂ ಹೇಳಿದೆ. ಶನಿವಾರ ಗದರಿದ್ದಕ್ಕೆ ಕ್ಷಮೆಯನ್ನೂ ಕೇಳಿದೆ.

ಅವರು ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು, ಲಕೋಟೆ ತೆಗೆದುಕೊಂಡು ಬೆಳಕಿಗೆ ಹಿಡಿದರು.

"ಇದರಲ್ಲಿ ನನಗೇ ಹಾಕಿದ್ದೀರಾ ಮಾಸ್ಟ್ರೇ?"

"ಮತ್ತೆ ಯಾರಿಗೆ ಮಾರಾಯ್ರೇ? ಬಿಚ್ಚಿ ನೋಡಿ!"

ಅವರು ಲಕೋಟೆಯನ್ನು ಬಿಚ್ಚದೆ ನನ್ನ ಅಂಗಿಯ ಜೇಬಿಗೆ ಹಾಕಿ, ಜೇಬನ್ನು ಮೆಲ್ಲಗೆ ತಟ್ಟಿ ಹೇಳಿದರು: "ಬಿಚ್ಚಲಿಕ್ಕೆ ಇಲ್ಲ ಮಾಸ್ಟ್ರೇ. ಐದು ಗಂಟೆ ಕಳೆದು ಎರಡು ದಿನ ಆಯಿತು."