ಗುಂಡಿ ಹಾಕಿಕೊಳ್ಳುವ ಪರೀಕ್ಷೆ

ಎಡವಟ್ಟಿಗೆಲ್ಲ ಕಾರಣ ‘ತಾನೇ’ ಎನ್ನುವ ಪುಟ್ಟ ಮಾತು. ಮಗು ತಾನೇ ಉಣ್ಣುತ್ತದೆಯೇ, ತಾನೇ ಬಟ್ಟೆ ಹಾಕಿಕೊಳ್ಳುತ್ತದೆಯೇ ಎಂದು ಕೇಳುವ ಪರೀಕ್ಷೆಯೊಂದು ಮಕ್ಕಳ ಆಸ್ಪತ್ರೆಗೆ ದೂರದೇಶದಿಂದ ಬಂದಿತ್ತು. ಅದನ್ನು ಇಲ್ಲಿನ ಮನೆಗಳಿಗೆ ಒಗ್ಗಿಸುವ ಕೆಲಸ ಥೆರಪಿಸ್ಟನ ಕೊರಳಿಗೆ ಬಿತ್ತು. ಹಿಮದ ಬೂಟು, ಫೋರ್ಕುಗಳ ಪ್ರಶ್ನೆಗಳನ್ನು ಅವನು ಸುಲಭವಾಗಿ ಕಿತ್ತುಹಾಕಿದ. ‘ತಾನೇ’ ಮಾತ್ರ ಜಗ್ಗಲಿಲ್ಲ. ಇಲ್ಲಿ ತುತ್ತಿಡಲು ಅಮ್ಮ, ಲೇಸು ಕಟ್ಟಲು ಮಾವ, ಗುಂಡಿ ಹಾಕಲು ಚಿಕ್ಕಮ್ಮ. ಗೋಡೆ ಹಾರುವ ಮಕ್ಕಳೂ ಪರೀಕ್ಷೆಯಲ್ಲಿ ಮೂಟೆಗಳ ಹಾಗೆ ಬಿದ್ದುಕೊಂಡವು.

ಅಂಥ ಒಬ್ಬ ಐದು ವರ್ಷದ ಹುಡುಗಿಗೆ, ಪರೀಕ್ಷೆಯ ಫಲಿತಾಂಶ ನೋಡಿ, ಶಾಲೆಯವರು ಸೀಟು ಕೊಡಲ್ಲ ಅಂದಿದ್ದರು. ಇವತ್ತೇ ಇದನ್ನು ಸರಿಮಾಡಿ ಎಂದು ದೊಡ್ಡ ಡಾಕ್ಟರಮ್ಮ ಅವನನ್ನು ಅವಳ ಮನೆಗೇ ಅಟ್ಟಿದರು.

ಮೂರನೇ ಮಹಡಿಯ ಮನೆ. ಅಪ್ಪ, ಅಮ್ಮ, ಚಿಕ್ಕಮ್ಮ, ಜೊತೆಗೆ ಯಾರೂ ಕರೆಯದೆ ಬಂದ ಪಕ್ಕದ ಮನೆಯಾಕೆ. ಎಲ್ಲರನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿದ. ಬೆನ್ನ ಹಿಂದೆ ಗುಂಡಿಗಳಿದ್ದ ಫ್ರಾಕನ್ನು ಹುಡುಗಿಯ ಕೈಗಿಟ್ಟು, ಗೋಡೆಯತ್ತ ತಿರುಗಿ ನಿಂತ.

ತಿರುಗಿ ನೋಡಿದಾಗ ಗುಂಡಿಗಳೆಲ್ಲ ಕಾಜಾ ಸೇರಿದ್ದವು. ಕೆದರಿದ್ದ ಕೂದಲು ಬಿಗಿಯಾದ ಜಡೆಯಾಗಿತ್ತು.

“ಯಾರು ಹಾಕಿದ್ದು?”

“ಅಜ್ಜಿ.”

ಕೋಣೆಯಲ್ಲಿ ಇನ್ಯಾರೂ ಇರಲಿಲ್ಲ. ಬಾಗಿಲು ತೆರೆದು ಅಜ್ಜಿ ಎಲ್ಲಿ ಎಂದು ಕೇಳಿದ. ಅವರು ಹೋಗಿ ವರ್ಷಗಳಾದವು ಎಂದಳು ಅಮ್ಮ, ನಲ್ಲಿ ಸೋರುತ್ತದೆ ಅನ್ನುವಷ್ಟೇ ಸಲೀಸಾಗಿ. “ಮಗೂಗೆ ನೀವೇ ಎಲ್ಲಾ ಮಾಡ್ಬೇಡಿ ಅಂತ ಎಷ್ಟೋ ಸಲ ಹೇಳಿದೀವಿ ಸಾರ್. ಕೇಳಲ್ಲ.”

ಹಾಗಾದರೆ ಅವರನ್ನೂ ಹೊರಗೆ ಕರೆದು ನೋಡಿ ಎಂದು ಪಕ್ಕದ ಮನೆಯಾಕೆ ಸಲಹೆ ಕೊಟ್ಟಳು.

ಥೆರಪಿಸ್ಟ ಬಾಗಿಲಲ್ಲೇ ಒಳಕ್ಕೆ ತಿರುಗಿದ. ಕೈಮುಗಿದು ಕೋಣೆಯ ಖಾಲಿ ಕುರ್ಚಿಗೆ ಹೇಳಿದ: “ಅಮ್ಮಾ, ಸ್ವಲ್ಪ ಹೊರಗೆ ಬರ್ತೀರಾ?”

ಕುರ್ಚಿ ಕಿರ್ ಅಂದಿತು. ತಣ್ಣನೆಯ ಗಾಳಿಯೊಂದು ಅವನ ಮೊಣಕೈ ಸವರಿಕೊಂಡು ಹೊಸ್ತಿಲು ದಾಟಿತು. ಪಕ್ಕದ ಮನೆಯಾಕೆ ಒಂದು ಹೆಜ್ಜೆ ಸರಿದು ದಾರಿ ಬಿಟ್ಟಳು.

ಹುಡುಗಿ ಸುತ್ತಲೂ ನೋಡಿದಳು. ಸಹಾಯಕ್ಕೆ ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ ಗುಂಡಿ ಬಿಚ್ಚಿ ಹಾಕಿಕೊಂಡಳು, ಲೇಸು ಕಟ್ಟಿದಳು, ಜಡೆಯನ್ನೂ ಬಿಚ್ಚಿ ಹೆಣೆದಳು. ಅಮ್ಮನ ಕಣ್ಣು ತುಂಬಿ ಬಂತು. ಥೆರಪಿಸ್ಟನಿಗೂ ದಾರಿ ಹೊಳೆಯಿತು: ಮಗು ತಾನೇ ಮಾಡುತ್ತದೆಯೇ ಎಂದಲ್ಲ, ಯಾರೂ ಅಡ್ಡ ಬರದಿದ್ದರೆ ಮಾಡೀತೇ ಎಂದು ಕೇಳಬೇಕು. ಹುಡುಗಿಗೆ ಇನ್ನು ಸೀಟು ಸಿಕ್ಕ ಹಾಗೆಯೇ. ಗೆದ್ದ ಹುಮ್ಮಸ್ಸಿನಲ್ಲಿ ಅವನು ಮೆಟ್ಟಿಲಿಳಿದ.

ಮೇಲಿನಿಂದ ಹುಡುಗಿ ಬಗ್ಗಿ ಕೂಗಿದಳು: “ಅಂಕಲ್, ನನಗೆಲ್ಲಾ ಬರುತ್ತಂತೆ, ಅದಕ್ಕೆ ಅಜ್ಜಿ ನಿಮ್ಮ ಜೊತೆ ಬರ್ತಾರಂತೆ. ನಿಮ್ಮ ಗುಂಡಿ ನೋಡ್ಕೊಳ್ಳಿ.”

ಅವನು ತಲೆ ಬಗ್ಗಿಸಿದ. ಅಂಗಿಯ ಗುಂಡಿಗಳು ಅದಲುಬದಲಾಗಿದ್ದವು, ನಿಜ. ಅವನು ಕೈಯೆತ್ತುವ ಮೊದಲೇ ಅವು ಒಂದೊಂದಾಗಿ ಬಿಚ್ಚಿಕೊಂಡವು. ಕೆಳಗಿನಿಂದ ಒಂದೊಂದಾಗಿ ಸರಿಯಾದ ಕಾಜಾಕ್ಕೆ ಸೇರುತ್ತಾ ಬಂದವು.

ಕೊನೆಯ ಗುಂಡಿಗೆ ಅವನ ಗದ್ದ ಅಡ್ಡವಾಗಿತ್ತು. ತಣ್ಣಗಿನ ಬೆರಳೊಂದು ಅದನ್ನು ಮೆಲ್ಲಗೆ ಮೇಲಕ್ಕೆತ್ತಿತು.